ರಾಜನಿಲ್ಲದ ಉಂಗುರ

ಗಂಡ ಪೆತೇಸೆಯ ಹೆಣ ಹೊತ್ತ ಬಂಡಿಯ ಎತ್ತಿನ ಕೊಂಬು ಹಿಡಿದು ತಬೆಸ್ ಅಡ್ಡ ನಿಂತಳು. ಗೋರಿಯ ಬಾಯಲ್ಲಿ ಪೆತೇಸೆಯ ಹೆಸರು ಹಿಡಿದು ಮಂತ್ರ ಹೇಳುವುದಿಲ್ಲವೆಂದು ಪೂಜಾರಿ ನೆಸ್ಮಿನ್ ಆಗಷ್ಟೇ ಅಂದಿದ್ದ. ಹೆಸರು ಕರೆಯದಿದ್ದರೆ ಸತ್ತವನು ಆಚೆ ಲೋಕದಲ್ಲಿ ಏಳುವುದೇ ಇಲ್ಲ.

ಯಾರೋ ಬೆಳಿಗ್ಗೆ ಪೂಜಾರಿಯ ಕಿವಿ ಊದಿದ್ದರು. ಹಾಥೋರ್ ದೇವಿಯ ಗುಡಿಯ ಹಿಂಗೋಡೆಯಲ್ಲಿ, ರಾಜನ ಹೆಸರಿಗೆಂದೇ ಕಲ್ಲಲ್ಲಿ ಕೆತ್ತಿ ಬಿಟ್ಟ ಉದ್ದನೆಯ ಉಂಗುರದೊಳಗೆ, ಕಲ್ಲುಕುಟಿಗ ಪೆತೇಸೆ ಯಾವುದೋ ಹೆಸರು ಗೀಚಿದ್ದಾನಂತೆ. ತನ್ನದೇ ಇರಬೇಕು.

"ಅವ್ರು ಅಂಥೋರಲ್ಲ ಸ್ವಾಮಿ," ಎಂದಳು ತಬೆಸ್. "ಗುಡಿ ಇಲ್ಲೇ ಇದೆ, ಹತ್ತಿ ನೋಡಿ. ನಿಮ್ಮ ಹೊಟ್ಟೆ ಬಿಡದಿದ್ರೆ ಯಾರನ್ನಾದ್ರೂ ಹತ್ತಿಸಿ."

ತಲೆಗೆ ಮಣ್ಣು ಸುರಿದುಕೊಂಡು ಅಳುತ್ತಿದ್ದ ಹೆಂಗಸೊಬ್ಬಳಿಗೆ ನಗು ತಡೆಯಲಾಗಲಿಲ್ಲ. ಪೂಜಾರಿ ಮುಖ ಗಂಟಿಕ್ಕಿ, ಪೆತೇಸೆಯ ಜೊತೆ ಕಲ್ಲು ಕೆತ್ತುತ್ತಿದ್ದ ಪಮೋಂತನನ್ನು ಗೋಡೆಗೆ ಕಟ್ಟಿದ ಅಟ್ಟಣೆ ಹತ್ತಿಸಿದ.

*

ಹಿಂದೊಮ್ಮೆ ಪೆತೇಸೆ ಆ ಗೋಡೆಯಲ್ಲಿ ರಾಜನ ಹೆಸರು ಕೆತ್ತಿ ಮುಗಿಸುವಷ್ಟರಲ್ಲಿ ಉತ್ತರದ ರಾಜಧಾನಿಯಿಂದ ಸುದ್ದಿ ಹೊತ್ತ ದೋಣಿ ಬಂತು. ಅಲೆಕ್ಸಾಂಡ್ರಿಯಾದಲ್ಲಿ ರಾಜನನ್ನು ಅವನ ತಮ್ಮನೇ ಓಡಿಸಿದ್ದ. ಕೆತ್ತಿದವನ ಕೈಯಿಂದಲೇ ಹೆಸರು ಕೆರೆಸಿದರು. ಇನ್ನು ಮೇಲೆ ಉಂಗುರವಷ್ಟೇ ಕೆತ್ತು, ಒಳಗೆ ಖಾಲಿ ಬಿಡು ಎಂದು ಅಪ್ಪಣೆಯಾಯಿತು.

ಆ ಸಂಜೆ ರೊಟ್ಟಿ, ಈರುಳ್ಳಿ ಮುಂದಿಟ್ಟು ತಬೆಸ್ ಛೇಡಿಸಿದಳು.

"ಖಾಲಿ ಬಿದ್ದಿದೆಯಲ್ಲ, ನಿಮ್ಮ ಹೆಸರೇ ಹಾಕ್ಕೊಳ್ಳಿ."

"ನಂದ್ಯಾಕೆ? ನೀನು ದಿನಾ ಬೈಕೊಂಡು ಕರೀತೀಯಲ್ಲ, ಅಷ್ಟು ಸಾಕು."

*

ಪಮೋಂತ್ ಧೂಳು ಊದಿದ. ಉಂಗುರದೊಳಗೆ ತೆಳ್ಳನೆ ಗೀರುಗಳಿದ್ದವು. ನಾಲಗೆ ಚಾಚಿ ನಿಂತ ಕುಳ್ಳ ದೇವರು, ಬೆಸ್. ಯಾವ ರಾಜನ ಹೆಸರಲ್ಲೂ ಆ ಚಿತ್ರಾಕ್ಷರ ಬರದು. ಪೆತೇಸೆಯ ಹೆಸರಲ್ಲೂ ಇಲ್ಲ. ಪಕ್ಕದ ಗುರುತನ್ನು ಬೆರಳಿನಿಂದ ಸವರಿ, ಎರಡನ್ನೂ ಕೂಡಿಸಿ ಓದಿಕೊಂಡ. ತಬೆಸ್.

"ಏನಿದೆಯೋ?" ಪೂಜಾರಿ ಕೇಳಿದ.

ಪಮೋಂತ್ ಕೆಳಗೆ ನೋಡಿದ. ಅವಳು ಇನ್ನೂ ಕೊಂಬು ಬಿಟ್ಟಿರಲಿಲ್ಲ.

"ಏನೂ ಇಲ್ಲ ಸ್ವಾಮಿ. ಖಾಲಿ."

"ಹೇಳಿದ್ನಲ್ಲ," ಎಂದಳು ತಬೆಸ್. "ಒಂದು ಹೆಸರು ಗೀಚೋಕೂ ಧೈರ್ಯ ಇರ್ಲಿಲ್ಲ ನನ್ನ ಗಂಡಂಗೆ." ಕೊಂಬು ಬಿಟ್ಟಳು. ಬೆಳಗಿನಿಂದ ಅಳದವಳು ಆಗ ಅತ್ತಳು.

ಬಂಡಿ ಹೊರಟಿತು. ಸ್ವಲ್ಪ ಹೊತ್ತಿಗೆ ಗೋರಿಗಳ ಕಡೆಯಿಂದ ಪೂಜಾರಿ ಪೆತೇಸೆಯ ಹೆಸರು ಕೂಗುವುದು ಕೇಳಿಸಿತು. ಪಮೋಂತ್ ಇಳಿದಿರಲಿಲ್ಲ. ಉಳಿ ಸೊಂಟದಲ್ಲೇ ಇತ್ತು. ತೆಗೆದು ಆ ಹೆಸರು ಕೆರೆಯಲು ಕೈ ಬರಲಿಲ್ಲ. ಎಂಜಲಿನಲ್ಲಿ ಗೋಡೆಯ ಧೂಳು ಕಲಸಿ, ಯಾರ ಕಣ್ಣಿಗೂ ಬೀಳದಂತೆ ಹೆಬ್ಬೆರಳಿನಿಂದ ಗೀರುಗಳಿಗೆ ತುಂಬುತ್ತ ಹೋದ. ಕುಳ್ಳ ದೇವರ ಕಾಲು ಮುಚ್ಚಿತು, ಹೊಟ್ಟೆ ಮುಚ್ಚಿತು. ಚಾಚಿದ ನಾಲಗೆಯ ಹತ್ತಿರ ಬಂದು ಬೆರಳು ನಿಂತಿತು.