ಟ್ಯಾಂಕಿನ ಮೇಲೆ ನಿಂತ ಹಕ್ಕಿ

ಅಕ್ಕ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಾಗಿನಿಂದ ತಮ್ಮ ಅವಳ ಕೈಗೆ ಕತ್ತರಿ ಕೊಟ್ಟಿರಲಿಲ್ಲ. ಅಪ್ಪ ಹೋದ ಮೇಲೆ ಆ ಟೈಲರ್ ಅಂಗಡಿಯನ್ನು ಎತ್ತಿ ನಿಲ್ಲಿಸಿದವಳು ಅವಳು. ತಮ್ಮನಿಗೆ ಟೇಪು ಹಿಡಿಯಲು ಕಲಿಸಿದವಳೂ ಅವಳೇ. ಈಗ ಅವಳ ಪಾಲಿಗೆ ಬರೀ ಗುಂಡಿ, ಕಾಜ. ಇನ್ನೂ ಸ್ವಲ್ಪ ದಿನ ನೋಡೋಣ ಎನ್ನುತ್ತಿದ್ದ. ಏನು ನೋಡುವುದು, ಮಣ್ಣು? ಕಣ್ಣು ಸರಿಯಿದೆ ಎಂದು ಡಾಕ್ಟರೇ ಹೇಳಿಯಾಗಿತ್ತು.

ಅಂಥದ್ದರಲ್ಲಿ ಆ ಹಕ್ಕಿ ಬಂತು. ಕಾಜ ಹೊಲಿಯುತ್ತಿದ್ದವಳು ತಲೆ ಎತ್ತಿದಳು, ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ನಿಂತಿದೆ! ಬೋಳು ತಲೆ, ಗೂಟದಂಥ ಕೊಕ್ಕು, ಕತ್ತಿನಿಂದ ಜೋತುಬಿದ್ದ ಚೀಲ. ಎತ್ತರ ಅವಳ ಎದೆಮಟ್ಟ ಬಂದೀತು. ಅವಳು ತಮ್ಮನನ್ನು ಕೂಗಿ, ಅವನು ಕಿಟಕಿಗೆ ಬರುವಷ್ಟರಲ್ಲಿ ರೆಕ್ಕೆ ಬಿಚ್ಚಿ ಹೋಗೇಬಿಟ್ಟಿತು. ಅವನಿಗೆ ಕಂಡದ್ದು ಬರೀ ಟ್ಯಾಂಕು.

ಚೀಲ ಹಿಡಿದುಕೊಂಡು ತರಕಾರಿಗೆ ಹೊರಟಿತ್ತೇನೋ ಎಂದು ಅವನು ನಕ್ಕ. ಹದ್ದು ಇರಬೇಕು ಅತ್ತಿಗೆ, ಪಾಪ, ಕಣ್ಣಿನ್ನೂ ಹಸಿ ಎಂದು ಅವನ ಹೆಂಡತಿ ಸಮಾಧಾನ ಮಾಡಿದಳು. ನಗುವನ್ನಾದರೂ ಸಹಿಸಬಹುದು, ಆ ‘ಪಾಪ’ ಇದೆಯಲ್ಲ, ಅದಕ್ಕೆ ಅಕ್ಕನ ಮೈಯೆಲ್ಲ ಉರಿದುಹೋಯಿತು. ಅಷ್ಟಕ್ಕೇ ಬಿಟ್ಟನೇ ಪುಣ್ಯಾತ್ಮ? ಬಂದ ಗಿರಾಕಿಗಳಿಗೆಲ್ಲ ಚೀಲದ ಹಕ್ಕಿಯ ಕಥೆ ಹೇಳಿದ. ಸಂಜೆ ಹತ್ತಿರ ಬಂದು ದನಿ ತಗ್ಗಿಸಿದ.

“ಇನ್ಮೇಲೆ ಕಟಿಂಗ್ ಪೂರ್ತಿ ನನಗೇ ಬಿಟ್ಬಿಡಕ್ಕ. ಇಲ್ಲದ್ದೆಲ್ಲ ಕಾಣೋ ಕಣ್ಣಿಗೆ ಗಿರಾಕಿ ಬಟ್ಟೆ ಹೇಗೆ ಕೊಡಲಿ?”

ಓಹೋ, ಬಂತಲ್ಲ ಒಳಗಿದ್ದದ್ದು ಹೊರಗೆ! ಬಟ್ಟೆ ಕತ್ತರಿ ಅವನ ಡ್ರಾಯರಿನಲ್ಲಿದ್ದರೇನಂತೆ, ಕಾಗದದ ಕತ್ತರಿ ಹೊರಗೇ ಇತ್ತು. ಅಕ್ಕ ಅಳತೆ ಪಡಿಯಚ್ಚು ತೆಗೆಯುವ ಕಂದು ಕಾಗದ ಹಾಸಿ, ಕಂಡ ಹಕ್ಕಿಯನ್ನು ಕಂಡಷ್ಟೇ ದೊಡ್ಡದಾಗಿ ಬರೆದು ಕತ್ತರಿಸಿದಳು. ತಮ್ಮ ಅದನ್ನೂ ಎತ್ತಿಕೊಂಡು ಹೋಗಿ ತಮಾಷೆಗೆಂದು ಬಾಗಿಲಿಗೆ ತೂಗುಹಾಕಿದ.

ಮಾರನೆಯ ದಿನ ಬಟ್ಟೆ ಹಿಡಿದುಕೊಂಡು ಕೋಟಿಗೆ ಅಳತೆ ಕೊಡಲು ಹಕ್ಕಿ ಮೇಷ್ಟ್ರು ಬಂದರು. ರಜೆ ಸಿಕ್ಕಿದರೆ ಸಾಕು, ಬೈನಾಕ್ಯುಲರ್ ನೇತುಹಾಕಿಕೊಂಡು ಕೆರೆ ಸುತ್ತುವ ಮನುಷ್ಯ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೊಕ್ಕು, ಚೀಲ ಏನೋ ಸರಿ, ಆದರೆ ಇಷ್ಟು ದಪ್ಪ ಕಾಲು ಉಷ್ಟ್ರಪಕ್ಷಿಗೆ ಮಾತ್ರ ಎಂದರು. ಉಷ್ಟ್ರಪಕ್ಷಿ ಏಣಿ ಹಾಕಿಕೊಂಡು ಟ್ಯಾಂಕು ಹತ್ತಿತಾ ಎಂದು ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ.

ಅಕ್ಕ ಎದ್ದು ಬಂದು ಆ ಕಾಲುಗಳನ್ನು ನೋಡಿದಳು. ನೋಡಿ ಹಣೆ ಚಚ್ಚಿಕೊಂಡಳು. ಹುಟ್ಟಿದಾಗಿನಿಂದ ಕಲಿತ ಕೈ, ಸುಮ್ಮನಿದ್ದೀತೇ? ಹಕ್ಕಿಗೂ ಸುತ್ತ ಅರ್ಧ ಇಂಚು ಮಾರ್ಜಿನ್ ಬಿಟ್ಟಿತ್ತು, ನಾಳೆ ಅದನ್ನು ಕೂಡಿಸಿ ಹೊಲಿಯಬೇಕು ಅನ್ನುವ ಹಾಗೆ!

ಕಾಗದವನ್ನು ಮೇಜಿನ ಮೇಲೆ ಹಾಸಿ, ಹೊಲಿಗೆಗೆ ಬಿಟ್ಟದ್ದನ್ನೆಲ್ಲ ಸುತ್ತಲೂ ಕತ್ತರಿಸಿ ತೆಗೆದಳು. ಕಂಬದಂತಿದ್ದ ಕಾಲು ಕೋಲಾಯಿತು, ಕತ್ತು ಸಣ್ಣಗಾಯಿತು. ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು.

“ಇದು ಕೊಕ್ಕರೆ ಕುಲದ್ದೇ ಕಣಮ್ಮ, ಅದರಲ್ಲೇ ದೊಡ್ಡ ಜಾತಿ. ಆ ಚೀಲ ಇದಕ್ಕೆ ಹುಟ್ಟಿನಿಂದ ಬಂದದ್ದು. ಈ ಕಡೆ ಬರೋದೇ ಅಪರೂಪ. ಎಲ್ಲಿ ನೋಡಿದ್ರಿ?”

ಅಕ್ಕ ಟ್ಯಾಂಕಿನ ಕಡೆ ಬೆರಳು ತೋರಿಸಿದಳು. ತಮ್ಮ ಕೆಮ್ಮಿದ. ಹಕ್ಕಿ ನೋಡುವುದು ಬೇರೆ, ಬಟ್ಟೆ ಕತ್ತರಿಸುವುದು ಬೇರೆ ಎಂದು ಹೊಸ ರಾಗ ತೆಗೆದ.

“ನಿನ್ನೆಯಿಂದ ಇದನ್ನ ಬಂದೋರಿಗೆಲ್ಲ ತೋರಿಸಿದೀಯ. ಸುತ್ತ ಮಾರ್ಜಿನ್ ಬಿಟ್ಟಿರೋದು ಒಂದ್ಸಲಾನೂ ಕಾಣಲಿಲ್ವಾ?” ಎಂದಳು ಅಕ್ಕ. “ನಿನ್ನ ಕಣ್ಣಿಗೆ ಯಾವ ಆಪರೇಷನ್ನೂ ಆಗಿಲ್ವಲ್ಲಪ್ಪ.”

ಅವನ ಹೆಂಡತಿ ನೆಲ ನೋಡಿದಳು. ತಮ್ಮ ಡ್ರಾಯರ್ ಎಳೆದು ಕತ್ತರಿ ಹೊರಗಿಟ್ಟ. ಅಕ್ಕ ಮೇಷ್ಟ್ರ ಕೋಟಿನ ಬಟ್ಟೆ ಬಿಚ್ಚಿ ಹಾಸಿದಳು, ಗುಂಡಿಯ ಡಬ್ಬಿಯನ್ನು ತಮ್ಮನ ಕಡೆಗೆ ತಳ್ಳಿದಳು.