ಇಸ್ತ್ರಿ ಬಟ್ಟೆಯೊಳಗಿನ ಕಪ್ಪೆ

ಗಂಟಲು ಬಡಿಯುತ್ತಿಲ್ಲವಲ್ಲ, ಕಪ್ಪೆಯ ಬಿಳಿ ಗಂಟಲು, ಸದಾ ಟಪಟಪ ಎನ್ನುತ್ತಿರಬೇಕಾದದ್ದು — ಡಬ್ಬಿಯ ಮುಚ್ಚಳ ತೆಗೆದ ಕೈ ಹಾಗೇ ನಿಂತಿತು, ಎದುರಿಗೆ ಮೂವರು ಪರೀಕ್ಷಕರು, ನಡುವೆ ದಪ್ಪ ಕನ್ನಡಕದ ದೊಡ್ಡ ಮೇಷ್ಟ್ರು, ಶುರು ಮಾಡಿ ತಾಯಿ, ಹತ್ತೇ ನಿಮಿಷ ಇರೋದು, ಹೂಂ ಸರ್, ಹನ್ನೆರಡು ವರ್ಷ ಇದೇ ಪ್ರಯೋಗಶಾಲೆಯಲ್ಲಿ ಬೇರೆಯವರ ಪಾಠಕ್ಕೆ ಗಾಜಿನ ತಟ್ಟೆ ತೊಳೆದವಳು ಇವತ್ತು ಈ ಪಾಠದ ಪರೀಕ್ಷೆ ಗೆದ್ದರೆ ಮೇಡಂ, ಸೋತರೆ ಮತ್ತದೇ ಬ್ರಷ್ಷು, ತೊಟ್ಟಿ ತೊಳೆಯೋಳು ಪಾಠ ಹೇಳ್ತಾಳಂತೆ ಎಂದು ಓರಗಿತ್ತಿ ನಕ್ಕದ್ದು ಇನ್ನೂ ಚುಚ್ಚುತ್ತಿದೆ — ಆದರೆ ತಾನು ಹಾಸಿದ್ದ ಒದ್ದೆ ಬಟ್ಟೆ ಎಲ್ಲಿ, ಇದೇನಿದು, ಬಿಳಿ ಕರವಸ್ತ್ರ, ನಾಲ್ಕು ಮಡಿಕೆ, ಗರಿಗರಿ, ಅಯ್ಯೋ ದೇವರೇ, ಇವರದ್ದೇ ಕೆಲಸ, ಲಾಂಡ್ರಿಯವನನ್ನು ಕಟ್ಟಿಕೊಂಡರೆ ಇನ್ನೇನಾದೀತು, ಒದ್ದೆ ಏನೇ ಕಂಡರೂ ಆ ಮನುಷ್ಯನ ಕೈ ಸುಮ್ಮನಿರದು, ಹೊರಡುವಾಗ ಡಬ್ಬಿ ಕೊಡುತ್ತಾ ಅಂದರಲ್ಲ, ಪಾಪ ಕಣೇ, ನೆಂದು ತೊಪ್ಪೆಯಾಗಿತ್ತು, ಒರೆಸಿ ಬೆಚ್ಚಗೆ ಸುತ್ತಿದೀನಿ, ಆಗ ಏನನ್ನು ಸುತ್ತಿದಿರಿ ಅಂತ ಕೇಳಬಾರದಿತ್ತೇ, ಊಟದ ಡಬ್ಬಿಯ ಮಾತಿರಬೇಕೆಂದು ಹೂಂಗುಟ್ಟಿ ಬಂದಳು, ಬುದ್ಧಿಗೇಡಿ.

ಉಭಯವಾಸಿ ಸರ್, ನೀರಿಗೂ ಸೈ ನೆಲಕ್ಕೂ ಸೈ, ಬಾಯಿ ತನ್ನ ಪಾಡಿಗೆ ಓಡುತ್ತಿದೆ, ಕಣ್ಣು ಮೂಗು ಎರಡೂ ತಲೆಯ ಮೇಲ್ಗಡೆ, ಮೈಯೆಲ್ಲ ಮುಳುಗಿದ್ದರೂ ಲೋಕ ಕಾಣುತ್ತೆ, ಹಿಂಗಾಲ ಬೆರಳುಗಳ ನಡುವೆ ಪೊರೆ, ನೀರಲ್ಲಿ ಹುಟ್ಟು ಹಾಕೋಕೆ, ನೆಲದ ಮೇಲೆ ಅದೇ ಕಾಲು ಸ್ಪ್ರಿಂಗು — ನೆಗೆಯೋ ಮಾರಾಯ, ತಕ್ಕಡಿಯಲ್ಲಿ ಕೂರಿಸಿದರೂ ನಿಲ್ಲದ ಜಾತಿ ನಿನ್ನದು, ಇವತ್ತೇ ಸಾಧು ಆಗಬೇಕಿತ್ತೇ — ಉಸಿರಾಟ ಹೇಳಿ, ಅಂದರು ದಪ್ಪ ಕನ್ನಡಕ. ಉಸಿರಾಟ ಸರ್, ನಮ್ಮ ಹಾಗೆ ಪಕ್ಕೆಲುಬು ಹಿಗ್ಗಿಸಿ ಎಳೆಯೋ ಹಾಗಿಲ್ಲ, ಗಂಟಲನ್ನೇ ತಿದಿ ಮಾಡಿ ಗಾಳಿ ನುಂಗುತ್ತೆ, ಜೊತೆಗೆ ಚರ್ಮವೂ ಉಸಿರಾಡುತ್ತೆ, ಆದರೆ ಚರ್ಮ ಒದ್ದೆಯಾಗಿರಬೇಕು ಸರ್, ಒಣಗಿದರೆ — ಒಣಗಿದರೆ? — ಒಣಗಿದರೆ ಸರ್ — ಅವಳ ಕಣ್ಣು ನೀರು ಹುಡುಕಿತು, ನಲ್ಲಿ ಬೆಳಿಗ್ಗೆಯಿಂದ ಬರೀ ಗಾಳಿ ಉಗುಳುತ್ತಿದೆ, ಕೋಣೆಯಲ್ಲಿ ನೀರಿರುವುದು ಒಂದೇ ಕಡೆ, ದೊಡ್ಡ ಮೇಷ್ಟ್ರ ಮುಂದಿನ ಅಗಲ ಲೋಟದಲ್ಲಿ, ಕೈ ಹಾಕಿದರೆ ಕೆಲಸ ಹೋಯಿತು, ಹಾಕದಿದ್ದರೆ ಇವನೇ ಹೋದ, ಕ್ಷಮಿಸಿ ಸರ್ ಅಂದಳೋ ಇಲ್ಲವೋ, ಬುಳುಕ್.

ಅಯ್ಯಯ್ಯೋ, ಈಗಷ್ಟೇ ಅದರಲ್ಲಿ ಅರ್ಧ ಕುಡಿದೆನಲ್ಲಮ್ಮ, ಅಂದರು ಮೇಷ್ಟ್ರು, ಪಕ್ಕದ ಇಬ್ಬರೂ ಎದ್ದು ನಿಂತರು, ಹೋಯಿತು, ಹನ್ನೆರಡು ವರ್ಷ ಹೋಯಿತು, ಹೋದರೆ ಹೋಗಲಿ, ಬೆರಳಿನಿಂದ ಗದ್ದ ಎತ್ತಿ ಹಿಡಿದಳು, ಮೂಗು ಮಾತ್ರ ನೀರಿನ ಮೇಲೆ, ಒಂದು ಸಲ ಬಡಿಯೋ, ನಿನ್ನ ದಮ್ಮಯ್ಯ, ಸರ್ ಒಣಗಿದರೆ ಸಾಯುತ್ತೆ ಸರ್, ನನ್ನ ಯಜಮಾನರು ಒರೆಸಿಬಿಟ್ಟರು, ಇಸ್ತ್ರಿ ಬಟ್ಟೆಯಲ್ಲಿ, ಎಂದು ಅಳುವ ದನಿಯಲ್ಲಿ ಎಲ್ಲ ಒದರಿದಳು, ದೊಡ್ಡ ಮೇಷ್ಟ್ರು ಬಗ್ಗಿ ಕನ್ನಡಕವನ್ನು ಲೋಟಕ್ಕೇ ತಾಗಿಸಿ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು, ಶ್, ಸುಮ್ನಿರಿ ಮೇಡಂ, ಎಣಿಸ್ತಾ ಇದೀನಿ — ಮೇಡಂ ಅಂದರೇ, ಯಾರಿಗೆ, ಇರಲಿ, ಆಮೇಲೆ — ಗಂಟಲು, ಬಿಳಿ ಗಂಟಲು, ಟಪ್, ಮತ್ತೆ ಏನಿಲ್ಲ, ಇಲ್ಲ, ಇದೆ, ಟಪ್ —