ತೊಟ್ಟಿ ಉರುಳಿದ ಸದ್ದು

ಕಿವಿ ಕೇಳದವರಿಗಾಗಿ ಸಿನಿಮಾ ಪರದೆಯ ಕೆಳಗೆ ಅಡಿಬರಹ ಬರೆಯುವುದು ತಂಗಿಯ ಕೆಲಸ. ಬರೆದದ್ದರಲ್ಲಿ ಹುಳುಕು ಹುಡುಕುವುದು ಅಕ್ಕನ ಕೆಲಸ. ಅಕ್ಕ ಬಟ್ಟೆ ಹೊಲಿಯುವವಳು. ಹನ್ನೆರಡನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಯಿತು, ಬಾಯಿ ಮಾತ್ರ ಎಲ್ಲೂ ಹೋಗಲಿಲ್ಲ. ಎದುರಿಗಿದ್ದವರ ತುಟಿ ನೋಡಿಯೇ ಮಾತು ಹಿಡಿಯುತ್ತಾಳೆ.

ಆ ಅಕ್ಕ ಈಚೆಗೆ ಸಿನಿಮಾ ನೋಡುವುದನ್ನೇ ಬಿಟ್ಟಿದ್ದಳು. ಯಾಕೆಂದು ತಂಗಿ ಪೀಡಿಸಿದಾಗ ಸಿಡುಕಿದಳು.

“ಬಾಗಿಲು ಬಡಿದ್ರೂ ‘ಭಾರೀ ಸದ್ದು’, ಬೆಟ್ಟ ಕುಸಿದ್ರೂ ‘ಭಾರೀ ಸದ್ದು’. ಭಾರಿ ಅಂತ ನಂಗೂ ಗೊತ್ತಾಗುತ್ತೆ ಕಣೇ, ಎಲ್ರೂ ಬೆಚ್ಚಿಬೀಳ್ತಾರಲ್ಲ. ಎಂಥ ಸದ್ದು ಅಂತ ಹೇಳೋಕೆ ನಿಂಗೇನು ರೋಗ?”

ತಂಗಿಗೆ ಮುಖಕ್ಕೆ ಹೊಡೆದಂತಾಯಿತು. ಅಕ್ಕನ ಪಕ್ಕ ಕೂತು ಸಿನಿಮಾ ನೋಡುವ ಸುಖ ತನ್ನ ಸೋಮಾರಿತನದಿಂದಲೇ ಕೈತಪ್ಪಿತ್ತು. ಅವಳನ್ನು ಮತ್ತೆ ಪರದೆಯ ಮುಂದೆ ಕೂರಿಸಲೇಬೇಕೆಂದು ಹಟ ತೊಟ್ಟಳು.

ಹೊಸ ಸಿನಿಮಾದಲ್ಲಿ ಕಬ್ಬಿಣದ ನೀರಿನ ತೊಟ್ಟಿಯೊಂದು ಮೂರನೇ ಮಹಡಿಯಿಂದ ಮೆಟ್ಟಿಲ ಮೇಲೆ ಉರುಳಿಕೊಂಡು ಬರುವ ದೃಶ್ಯವಿತ್ತು. ತಂಗಿ ಹೆಡ್‌ಫೋನ್ ಹಾಕಿಕೊಂಡು ‘ದಬದಬ’ ಎಂದು ಬರೆದಳು, ಅಳಿಸಿ ‘ಢಮಾರ್’ ಎಂದು ಬರೆದಳು. ಏನು ಬರೆದರೂ ಸರಿಯೆನ್ನಿಸಿತು.

ಅಂಗಿಗೆ ಗುಂಡಿ ಹಚ್ಚುತ್ತಿದ್ದ ಅಕ್ಕ ಹಿಂದಿನಿಂದ ಇಣುಕಿದಳು. “ಅದನ್ನ ಕಿವಿಯಿಂದ ತೆಗಿ. ನಿಂಗೆ ಸದ್ದು ಕೇಳಿಸ್ತಿದೆ, ಅದಕ್ಕೇ ಎಲ್ಲಾ ಪದಾನೂ ಚೆನ್ನಾಗಿ ಕಾಣ್ಸುತ್ತೆ. ನನ್ ಥರ ನೋಡು.”

ಹೌದಲ್ಲ! ಇಷ್ಟು ವರ್ಷ ಇದು ತಲೆಗೆ ಹೊಳೆದಿರಲಿಲ್ಲ. ತೆಗೆದು ನೋಡಿದರೆ ‘ಢಮಾರ್’ ಪಟಾಕಿಯಾಗಿತ್ತು, ‘ದಬದಬ’ ಬಾಗಿಲು ಬಡಿಯುವವರದ್ದಾಗಿತ್ತು. ತೊಟ್ಟಿಯೋ ಖಾಲಿ, ತುಕ್ಕು ಹಿಡಿದದ್ದು, ಮೆಟ್ಟಿಲು ಮೆಟ್ಟಿಲಿಗೂ ಏಟು ತಿನ್ನುತ್ತ ಬರುವಂಥದ್ದು. ಅಡಿಬರಹ ಪರದೆಯ ಮೇಲೆ ನಿಲ್ಲುವುದು ಎರಡೇ ಸೆಕೆಂಡು. ಮಧ್ಯಾಹ್ನವೆಲ್ಲ ಬರೆದಳು, ಅಳಿಸಿದಳು, ಬಾಯಲ್ಲೇ ಸದ್ದು ಮಾಡಿ ನೋಡಿದಳು. ಅವಳ ಗಂಡ ಬಂದು ಹಣೆ ಮುಟ್ಟಿ ನೋಡಿ ಹೋದ.

ಸಂಜೆ ಅಕ್ಕನ ಕೈ ಹಿಡಿದು ಎಳೆತಂದಳು.

“ಹತ್ತೇ ನಿಮಿಷ. ಬೇಜಾರಾದ್ರೆ ಎದ್ದು ಹೋಗ್ತೀನಿ, ಆಮೇಲೆ ಅಳ್ಬೇಡ” ಎಂದು ಅಕ್ಕ ಹೊಲಿಗೆಯನ್ನೂ ಜೊತೆಗೇ ತಂದು ಕೂತಳು.

ಪರದೆಯಲ್ಲಿ ತೊಟ್ಟಿಗೆ ಕಟ್ಟಿದ್ದ ಹಗ್ಗ ಹರಿಯಿತು. ‘ಢಣ್… ಢಣ್… ಢಣಢಣಢಣ…’ ಅಕ್ಕನ ಸೂಜಿ ನಿಂತಿತು. ‘ಢಣಾರ್!’ ತೊಟ್ಟಿ ಗೋಡೆಗೆ ಬಡಿಯಿತು. ಮುಚ್ಚಳ ಕಳಚಿಕೊಂಡು ನೆಲದ ಮೇಲೆ ‘ಗರ್ರ್ರ್ರ್…’ ಎಂದು ತಿರುಗತೊಡಗಿತು.

ತಂಗಿ ಸಿನಿಮಾ ಬಿಟ್ಟು ಅಕ್ಕನನ್ನೇ ನೋಡಿದಳು. ಅಕ್ಕ ಮುಖ ಕಿವುಚಿ, ಹೊಲಿಗೆ ಬಿಸಾಕಿ, ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಮುಚ್ಚಳ ತಿರುಗಿ ತಿರುಗಿ ನಿಲ್ಲುವವರೆಗೂ ಕೈ ತೆಗೆಯಲಿಲ್ಲ.